ಆಮ್‌ಟ್ರ್ಯಾಕ್ ರೈಲಿಗೆ ಟೆಕ್ಸಾಸ್ ಯಾಕೆ ದುಡ್ಡು ಕೊಡಬೇಕು?

ಆಮ್‌ಟ್ರ್ಯಾಕ್ ಎಂದರೆ ಅಮೆರಿಕದ ಪ್ಯಾಸೆಂಜರ್ ರೈಲು ಕಂಪನಿ. ಓಕ್ಲಹೋಮ ಸಿಟಿಗೂ ಡಲ್ಲಾಸ್ ಪಕ್ಕದ ಫೋರ್ಟ್ ವರ್ತ್‌ಗೂ ನಡುವೆ ಓಡುವ ಅದರ ಹಾರ್ಟ್‌ಲ್ಯಾಂಡ್ ಫ್ಲೈಯರ್ ರೈಲಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ, ಡಲ್ಲಾಸ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಆಮ್‌ಟ್ರ್ಯಾಕ್ ಕೇಂದ್ರದ ಕಂಪನಿ. ಅದರ ನಷ್ಟವನ್ನು ಟೆಕ್ಸಾಸ್ ರಾಜ್ಯ ಯಾಕೆ ತುಂಬಬೇಕು? ಹತ್ತುವವರು ಟಿಕೆಟ್‌ನಲ್ಲೇ ಪೂರ್ತಿ ಕೊಡಲಿ. ರಸ್ತೆಯಲ್ಲಿ ಓಡಾಡುವ ನಾವು ಪೆಟ್ರೋಲ್ ತೆರಿಗೆ ಕಟ್ಟುತ್ತಿಲ್ಲವೇ? ಇಷ್ಟು ವರ್ಷ ಇಲ್ಲಿದ್ದೂ ಆ ರೈಲು ಒಮ್ಮೆಯೂ ನನ್ನ ಉಪಯೋಗಕ್ಕೆ ಬರಲಿಲ್ಲ."

ಪ್ರಿಯ ಓದುಗರೇ,

ನಿಮ್ಮ ಕಾಗದದ ಕೊನೆಯ ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೇಂದ್ರ-ರಾಜ್ಯದ ಲೆಕ್ಕ.

ಆಮ್‌ಟ್ರ್ಯಾಕ್ ಶುರುವಾಗಿದ್ದು 1971ರ ಮೇ ತಿಂಗಳಲ್ಲಿ. ಯಾವುದಾದರೂ ರಾಜ್ಯಕ್ಕೆ ಹೆಚ್ಚುವರಿ ರೈಲು ಬೇಕಿದ್ದರೆ ಖರ್ಚಿನಲ್ಲಿ ಪಾಲು ಕೊಟ್ಟು ಪಡೆಯಬಹುದು ಎಂದು ಆಗಲೇ ಇತ್ತು. ಹಾಗಾಗಿ ಕೆಲವು ರಾಜ್ಯಗಳು ಕೊಡುತ್ತಿದ್ದವು, ಕೆಲವಕ್ಕೆ ಪುಕ್ಕಟೆ ಸಿಗುತ್ತಿತ್ತು. ಮಿಷಿಗನ್ ನೋಡಿ. ಬ್ಲೂ ವಾಟರ್, ಪೇರ್ ಮಾರ್ಕೆಟ್ ರೈಲುಗಳಿಗೆ ರಾಜ್ಯದ ದುಡ್ಡು, ಅದೇ ರಾಜ್ಯದಲ್ಲಿ ಓಡುವ ವುಲ್ವರೀನ್‌ಗೆ ಆಮ್‌ಟ್ರ್ಯಾಕ್ ದುಡ್ಡು. ಈ ತಾರತಮ್ಯ ತೆಗೆಯಲೆಂದೇ 2008ರಲ್ಲಿ ಕಾನೂನು ಬಂತು. 750 ಮೈಲಿ, ಅಂದರೆ ಸುಮಾರು 1,200 ಕಿ.ಮೀ.ವರೆಗಿನ ಮಾರ್ಗಗಳ ಖರ್ಚಿಗೆ ಎಲ್ಲ ರಾಜ್ಯಗಳಿಗೂ ಒಂದೇ ಸೂತ್ರ. ಬಾಸ್ಟನ್-ವಾಷಿಂಗ್ಟನ್ ನಡುವಿನ ಮುಖ್ಯ ರೈಲು ಮಾರ್ಗ ಮಾತ್ರ ಇದರಿಂದ ಹೊರಗೆ. ಸೂತ್ರ ಜಾರಿಯಾಗಿದ್ದು 2013ರ ಅಕ್ಟೋಬರ್‌ನಲ್ಲಿ. ಸಿಬ್ಬಂದಿ ಸಂಬಳ, ಡೀಸೆಲ್, ಬೋಗಿಗಳ ರಿಪೇರಿ, ಹಳಿ ಬಳಸಿದ್ದಕ್ಕೆ ಅದರ ಮಾಲೀಕರಿಗೆ ಕೊಡುವ ಬಾಡಿಗೆ ಎಲ್ಲ ಕೂಡಿ, ಅದರಿಂದ ಟಿಕೆಟ್ ದುಡ್ಡು ಕಳೆದು, ಉಳಿದದ್ದನ್ನು ರಾಜ್ಯ ಕೊಡಬೇಕು. ಈ ಸೂತ್ರ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಎಷ್ಟು ರೈಲು, ಎಲ್ಲಿ ನಿಲ್ಲಬೇಕು ಎಂದು ಕೇಳುವ ಹಕ್ಕು ದುಡ್ಡು ಕೊಟ್ಟವರಿಗೆ ತಾನೇ ಇರುವುದು?

ಪೆಟ್ರೋಲ್ ತೆರಿಗೆಯ ಮಾತನ್ನು ಬೇಗ ಮುಗಿಸುತ್ತೇನೆ. ಕೇಂದ್ರದ ಪೆಟ್ರೋಲ್ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್. 1993ರಿಂದ ಅದು ಒಂದು ಸೆಂಟೂ ಏರಿಲ್ಲ. ಅದು ಸಾಲದೆ, 2008ರಿಂದ ಈಚೆಗೆ ಹೆದ್ದಾರಿ ನಿಧಿಯನ್ನು ಮತ್ತೆ ಮತ್ತೆ ಖಜಾನೆಯಿಂದ ತುಂಬಬೇಕಾಗಿದೆ. ರಸ್ತೆಯೂ ತನ್ನ ಖರ್ಚನ್ನು ತಾನೇ ದುಡಿಯುತ್ತಿಲ್ಲ, ಸ್ವಾಮಿ.

ಈಗ ನಿಮ್ಮ ಕೊನೆಯ ಸಾಲು. ಹಾರ್ಟ್‌ಲ್ಯಾಂಡ್ ಫ್ಲೈಯರ್ ಓಡುವುದು ದಿನಕ್ಕೆ ಒಂದೇ ಜೋಡಿ. ಬೆಳಿಗ್ಗೆ ಎಂಟೂವರೆ ಸುಮಾರಿಗೆ ಓಕ್ಲಹೋಮ ಸಿಟಿ ಬಿಟ್ಟು ಮಧ್ಯಾಹ್ನ ಫೋರ್ಟ್ ವರ್ತ್ ಸೇರುತ್ತದೆ. ಸಂಜೆ ಐದೂವರೆ ಹೊತ್ತಿಗೆ ಅಲ್ಲಿಂದ ಹೊರಟು ರಾತ್ರಿ ಒಂಬತ್ತರ ಮೇಲೆ ವಾಪಸ್. ಅಂದರೆ ಓಕ್ಲಹೋಮದವರು ಬಂದು, ಊಟ ಮಾಡಿ, ನಾಲ್ಕೈದು ಗಂಟೆ ಸುತ್ತಾಡಿ ಮನೆಗೆ ಹೋಗಬಹುದು. ನಿಮಗೆ? ಬೆಳಿಗ್ಗೆ ಆ ಕಡೆಗೆ ರೈಲೇ ಇಲ್ಲ. ಒಂದು ದಿನದ ಕೆಲಸಕ್ಕೆ ಎರಡು ರಾತ್ರಿ ಹೋಟೆಲ್ ಬಾಡಿಗೆ ಕೊಡಬೇಕು. ಉಪಯೋಗಕ್ಕೆ ಬರಲಿಲ್ಲ ಎಂದಿರಲ್ಲ, ಹೇಗೆ ಬರುತ್ತದೆ ಹೇಳಿ! 1999ರಲ್ಲಿ ಶುರುವಾದಾಗ ಒಂದು ಜೋಡಿ, ಈಗಲೂ ಒಂದೇ ಜೋಡಿ.

ಜೀವ ಹಿಡಿದುಕೊಳ್ಳುವಷ್ಟು ಮಾತ್ರ ಕೊಟ್ಟು, ಆಮೇಲೆ ಜನ ಹತ್ತುತ್ತಿಲ್ಲ ಎಂದು ದೂರುವುದು ಹೊಸದಲ್ಲ. ಇಂಡಿಯಾನಾಪೊಲಿಸ್‌ನಿಂದ ಶಿಕಾಗೋಗೆ ಹೂಸಿಯರ್ ಸ್ಟೇಟ್ ಅಂತ ಒಂದು ರೈಲಿತ್ತು. ವಾರಕ್ಕೆ ನಾಲ್ಕೇ ದಿನ. ಕಾರಿನಲ್ಲಿ ಮೂರು ಗಂಟೆ ಚಿಲ್ಲರೆಯ ದಾರಿಗೆ ಇದು ಐದು ಗಂಟೆ ತೆಗೆದುಕೊಳ್ಳುತ್ತಿತ್ತು. ನಡುವೆ ಒಂದು ಖಾಸಗಿ ಕಂಪನಿ ಒಳ್ಳೆ ಬೋಗಿ, ಬಿಸಿ ಊಟ, ವೈಫೈ ಎಲ್ಲ ಕೊಟ್ಟು ನೋಡಿತು. ಊಟ ಚೆನ್ನಾಗಿದ್ದ ಮಾತ್ರಕ್ಕೆ ಹಳಿ ಸರಿಹೋಗುತ್ತದೆಯೇ? 2019ರಲ್ಲಿ ಇಂಡಿಯಾನಾ ರಾಜ್ಯ ವರ್ಷಕ್ಕೆ ಕೊಡುತ್ತಿದ್ದ 30 ಲಕ್ಷ ಡಾಲರ್ ನಿಲ್ಲಿಸಿತು. ಜೂನ್ 30ಕ್ಕೆ ರೈಲೂ ನಿಂತಿತು.

ಒಹಾಯೋ ಇನ್ನೂ ಮುಂದೆ ಹೋಯಿತು. ಕ್ಲೀವ್‌ಲ್ಯಾಂಡ್, ಕೊಲಂಬಸ್, ಸಿನ್ಸಿನಾಟಿ ಜೋಡಿಸುವ ರೈಲಿಗೆ ಕೇಂದ್ರ 40 ಕೋಟಿ ಡಾಲರ್ ಕೊಡುತ್ತೇನೆ ಎಂದಿತ್ತು. ಓಡಿಸಲು ರಾಜ್ಯದ ಮೇಲೆ ಬೀಳುವ ಖರ್ಚು ವರ್ಷಕ್ಕೆ 1.7 ಕೋಟಿ ಎಂಬ ಅಂದಾಜು. ಆ ಸಣ್ಣ ಮೊತ್ತಕ್ಕೆ ಹೆದರಿ, 2010ರಲ್ಲಿ ಗವರ್ನರ್ ಆಗಿ ಆಯ್ಕೆಯಾದ ಜಾನ್ ಕೇಸಿಕ್ ದೊಡ್ಡ ಮೊತ್ತವೇ ಬೇಡ ಅಂದರು. ವಿಸ್ಕಾನ್ಸಿನ್ ಕೂಡ ಹಾಗೇ ಮಾಡಿತು. ಅವರಿಬ್ಬರ ದುಡ್ಡು ಹೆಚ್ಚಾಗಿ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ವಾಷಿಂಗ್ಟನ್ ರಾಜ್ಯಗಳ ಪಾಲಾಯಿತು. (ಫ್ಲಾರಿಡಾದವರು ಮರುವರ್ಷ ತಮ್ಮದನ್ನೂ ಬೇಡ ಅಂದರು, ಅದು ಬೇರೆ ಕಥೆ.)

ವರ್ಜೀನಿಯಾದವರು ಉಲ್ಟಾ ಮಾಡಿದರು. 2009ರಲ್ಲಿ ಲಿಂಚ್‌ಬರ್ಗ್‌ಗೆ ರಾಜ್ಯದ ದುಡ್ಡಲ್ಲಿ ಒಂದು ರೈಲು ಬಿಟ್ಟರು. ಮೊದಲ ವರ್ಷ 51,000 ಜನ ಬಂದಾರು ಎಂದುಕೊಂಡಿದ್ದರು, ಅದರ ಎರಡು ಪಟ್ಟಿಗೂ ಜಾಸ್ತಿ ಬಂದರು. ಅಲ್ಲಿಗೆ ಸುಮ್ನಾಗಲಿಲ್ಲ. 2013ರಲ್ಲಿ ಮಾರಾಟ ತೆರಿಗೆಯ ಒಂದು ಪಾಲನ್ನು ರೈಲಿಗೆಂದೇ ಎತ್ತಿಟ್ಟರು. 2017ರಲ್ಲಿ ಅದೇ ರೈಲು ರೋನೋಕ್‌ವರೆಗೆ ಹೋಯಿತು. 2019ರಲ್ಲಿ 370 ಕೋಟಿ ಡಾಲರ್‌ನ ಯೋಜನೆ ಹಾಕಿ, ಸಿಎಸ್‌ಎಕ್ಸ್ ಎಂಬ ಸರಕು ರೈಲು ಕಂಪನಿಯಿಂದ ಹಳಿಯನ್ನೇ ಕೊಳ್ಳಲು ಹೊರಟರು. ವರ್ಜೀನಿಯಾದಿಂದ ವಾಷಿಂಗ್ಟನ್ ನಗರಕ್ಕೆ ಹೋಗಲು ದಾಟಬೇಕಾದ ಪೊಟೊಮ್ಯಾಕ್ ನದಿಯ ಮೇಲೆ ಇರುವುದು ಎರಡೇ ಹಳಿಯ ಹಳೇ ಸೇತುವೆ. ಸರಕು ಗಾಡಿ, ಪ್ಯಾಸೆಂಜರ್ ಗಾಡಿ ಎಲ್ಲ ಅಲ್ಲೇ ನುಗ್ಗಬೇಕು. ಅದರ ಪಕ್ಕದಲ್ಲಿ ಇನ್ನೆರಡು ಹಳಿಯ ಸೇತುವೆಯೂ ಇದೇ ಯೋಜನೆಯಲ್ಲಿದೆ. ಪ್ರತಿ ಬಜೆಟ್‌ಗೂ ಕೈಚಾಚಿ ನಿಲ್ಲುವ ರೈಲಿಗೆ ಯಾರೂ ಸೇತುವೆ ಕಟ್ಟುವುದಿಲ್ಲ. ಗಂಟು ಖಾತ್ರಿ ಇದ್ದುದರಿಂದಲೇ ಅವರಿಗೆ ಹತ್ತು ವರ್ಷ ಮುಂದಿನದನ್ನು ಯೋಚಿಸಲು ಆಯಿತು.

ನಿಮ್ಮ ರಾಜ್ಯದ ಕಥೆ ನಿಮಗೇ ಗೊತ್ತಲ್ವಾ? 2025ರಲ್ಲಿ ಟೆಕ್ಸಾಸ್ ಶಾಸನಸಭೆ ಫ್ಲೈಯರ್‌ಗೆ ಎರಡು ವರ್ಷಕ್ಕೆ ಬೇಕಿದ್ದ ಸುಮಾರು 70 ಲಕ್ಷ ಡಾಲರ್ ಕೊಡಲಿಲ್ಲ. ಡಲ್ಲಾಸ್-ಫೋರ್ಟ್ ವರ್ತ್ ಭಾಗದ ಸ್ಥಳೀಯ ಆಡಳಿತಗಳ ಒಕ್ಕೂಟ 35 ಲಕ್ಷ ಹೊಂದಿಸಿ ಒಂದು ವರ್ಷದ ಮಟ್ಟಿಗೆ ಉಳಿಸಿಕೊಂಡಿತು. ಶಾಸನಸಭೆ ಮಾಮೂಲಾಗಿ ಸೇರುವುದೇ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದ ಜನವರಿಯಲ್ಲಿ. ದುಡ್ಡು ಒಂದು ವರ್ಷಕ್ಕೆ, ಸಭೆ ಎರಡು ವರ್ಷಕ್ಕೆ!

ನಿಮ್ಮ ಪ್ರತಿನಿಧಿಗೂ ಹೀಗೇ ಒಂದು ಕಾಗದ ಬರೆಯಿರಿ. ರೈಲು ಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ಬೇಡ ಅನ್ನಿಸಿದರೆ ಹಾಗೇ ಬರೆಯಿರಿ, ತಪ್ಪಿಲ್ಲ. ಬೇಕು ಅನ್ನಿಸಿದರೆ ಮಾತ್ರ ಎರಡು ವಿಷಯ ಬಿಡಬೇಡಿ: ದುಡ್ಡು ಯಾವ ತೆರಿಗೆಯಿಂದ, ಎಷ್ಟು ವರ್ಷಕ್ಕೆ ಎಂಬುದು ಒಂದು. ಬೆಳಿಗ್ಗೆ ಫೋರ್ಟ್ ವರ್ತ್‌ನಿಂದ ಹೊರಡುವ ಎರಡನೇ ಗಾಡಿ ಯಾವಾಗ ಎಂಬುದು ಇನ್ನೊಂದು. ಉತ್ತರ ಬಂದರೆ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂ.