ಸಕ್ಕರೆ ವ್ಯಾಕ್ಸ್ ಒಮ್ಮೆ ನೀರು, ಒಮ್ಮೆ ಕಲ್ಲು: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಮೇಡಂ, ನಾನು ಡಿಗ್ರಿ ಓದುತ್ತಿದ್ದೇನೆ. ತಿಂಗಳು ತಿಂಗಳು ಪಾರ್ಲರ್‌ಗೆ ಹೋಗಿ ಕೈಕಾಲಿಗೆ ವ್ಯಾಕ್ಸ್ ಮಾಡಿಸುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ವಿಡಿಯೋ ನೋಡಿ ಸಕ್ಕರೆ, ನಿಂಬೆರಸ ಕುದಿಸಿ ಮನೆಯಲ್ಲೇ ಮಾಡಿದೆ. ಮೊದಲ ಸಲ ನೀರಾಗಿ ಮೈಗೆಲ್ಲ ಅಂಟಿಕೊಂಡಿತು, ಕೂದಲು ಬರಲೇ ಇಲ್ಲ. ಎರಡನೇ ಸಲ ಪಾತ್ರೆಯಲ್ಲೇ ಕಲ್ಲಾಯಿತು. ಎಲ್ಲಿ ತಪ್ಪುತ್ತಿದೆ? ಸ್ಟ್ರಿಪ್ ಕೊಳ್ಳಲೇಬೇಕಾ? ಮೇಲ್ತುಟಿಗೂ ಹಚ್ಚಬಹುದಾ?
– ಓದುಗರೊಬ್ಬರು, ಹಾವೇರಿ

ಉತ್ತರ: ನೀವು ಹಾಕಿದ ಸಾಮಾನು ಸರಿಯಾಗೇ ಇದೆ, ತಪ್ಪಿದ್ದು ಪಾಕ. ಮೊದಲ ಸಲ ರವೆ ಉಂಡೆಗೆ ಹಿಡಿಯುವ ಎಳೆ ಪಾಕಕ್ಕೇ ಇಳಿಸಿಬಿಟ್ಟಿದ್ದೀರಿ. ಎರಡನೇ ಸಲ ಚಿಕ್ಕಿ ಪಾಕದವರೆಗೂ ಬಿಟ್ಟಿದ್ದೀರಿ. ವ್ಯಾಕ್ಸ್‌ಗೆ ಬೇಕಾದದ್ದು ಇವೆರಡರ ನಡುವಿನ ಉಂಡೆ ಪಾಕ. ನಿಮ್ಮಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ವಿಡಿಯೋಗಿಂತ ಅವರಿಗೇ ಇದು ಚೆನ್ನಾಗಿ ಗೊತ್ತಿರುತ್ತದೆ.

ಒಂದು ಲೋಟ ಸಕ್ಕರೆ, ಅಂದರೆ ಸುಮಾರು 200 ಗ್ರಾಂ. ಅದಕ್ಕೆ 2 ದೊಡ್ಡ ಚಮಚ ಸೋಸಿದ ನಿಂಬೆರಸ, 2 ದೊಡ್ಡ ಚಮಚ ನೀರು. ಎಲ್ಲ ಸೇರಿ 30 ರೂಪಾಯಿ ದಾಟುವುದು ಕಷ್ಟ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಡಿ. ನಿಂಬೆರಸ ಕಡಿಮೆ ಮಾಡಬೇಡಿ. ಅದರ ಹುಳಿಯಿಂದ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಹಾಗಾಗಿಯೇ ಪಾಕ ಆರಿದ ಮೇಲೂ ಹರಳುಗಟ್ಟದೆ ಜಿಗುಟಾಗಿ ಉಳಿಯುತ್ತದೆ.

ಗಡಿಯಾರ ನೋಡಿ ಇಳಿಸಬೇಡಿ. ಒಬ್ಬರ ಒಲೆಯ ಉರಿ ಇನ್ನೊಬ್ಬರ ಒಲೆಯಲ್ಲಿ ಇರುವುದಿಲ್ಲ. ಬಣ್ಣ ಜೇನುತುಪ್ಪದಂತೆ ಆಗತೊಡಗಿದ ತಕ್ಷಣ ಬಟ್ಟಲಲ್ಲಿ ತಣ್ಣೀರು ಹಿಡಿದು ಒಂದು ಹನಿ ಬಿಡಿ. ಹನಿ ನೀರಿನಲ್ಲಿ ಹರಡಿದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಒಟ್ಟುಮಾಡಿದಾಗ ಮೆತ್ತನೆಯ ಉಂಡೆಯಾದರೆ ಆಗಿದೆ. ಟಣ್ ಎಂದು ಸದ್ದು ಬಂದರೆ ಚಿಕ್ಕಿ ಪಾಕಕ್ಕೆ ಹೋಯಿತು ಅಂತಲೇ ಲೆಕ್ಕ. ಥರ್ಮಾಮೀಟರ್ ಇದ್ದರೆ 115ರಿಂದ 118 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಿ, ಇಲ್ಲದಿದ್ದರೂ ನಡೆಯುತ್ತದೆ. ಒಲೆ ಆರಿಸಿದ ಮೇಲೂ ಪಾತ್ರೆಯ ಬಿಸಿಗೆ ಪಾಕ ಏರುತ್ತಲೇ ಇರುತ್ತದೆ, ಆದ್ದರಿಂದ ತಡಮಾಡದೆ ಬೇರೆ ಪಾತ್ರೆಗೆ ಸುರಿಯಿರಿ. ಪ್ಲಾಸ್ಟಿಕ್ ಡಬ್ಬಿಗೆ ಮಾತ್ರ ಬೇಡ. ಕಲ್ಲಾದದ್ದನ್ನು ಎಸೆಯಬೇಕಿಲ್ಲ, ಒಂದೆರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಮತ್ತೆ ಹದ ನೋಡಿ. ನೀರಾದದ್ದನ್ನು ಇನ್ನೊಂದಿಷ್ಟು ಹೊತ್ತು ಕುದಿಸಿದರೆ ಸಾಕು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಪಾಕ ಕುದಿಯುವ ನೀರಿಗಿಂತ ಬಿಸಿ. ನೀರಾದರೆ ಹರಿದು ಹೋಗುತ್ತದೆ, ಇದು ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಪೂರ್ತಿ ಆರಿ ಉಗುರುಬೆಚ್ಚಗಾಗುವವರೆಗೆ ಮುಟ್ಟಬೇಡಿ. ಮಣಿಕಟ್ಟಿನ ಒಳಭಾಗದಲ್ಲಿ ಒಂಚೂರು ಹಚ್ಚಿ ನೋಡಿಯೇ ಮುಂದುವರಿಯಿರಿ. ಸುಟ್ಟರೆ ನಲ್ಲಿ ನೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ ಏನೂ ಬೇಡ.

ಸ್ಟ್ರಿಪ್ ಕೊಳ್ಳುವುದು ಸುಮ್ನೆ ಖರ್ಚು. ಹಳೆ ಜೀನ್ಸ್ ಅಥವಾ ದಪ್ಪ ಕಾಟನ್ ಬೆಡ್‌ಶೀಟನ್ನು ಎರಡು ಇಂಚು ಅಗಲಕ್ಕೆ ಕತ್ತರಿಸಿಕೊಳ್ಳಿ. ಸಕ್ಕರೆ ಬಿಸಿನೀರಿಗೆ ಕರಗಿ ಹೋಗುವುದರಿಂದ ತೊಳೆದು ಒಣಗಿಸಿ ಮತ್ತೆ ಬಳಸಬಹುದು. ಆದರೆ ನಿಮ್ಮದನ್ನು ಗೆಳತಿಗೆ ಕೊಡಬೇಡಿ. ಈಜಿಪ್ಟ್‌ನಲ್ಲಿ ಇದಕ್ಕೆ ಬಟ್ಟೆಯೇ ಬೇಕಿಲ್ಲ. ಅಲ್ಲಿ ಇದನ್ನು ಹಲಾವಾ ಅನ್ನುತ್ತಾರೆ, ಪಾಕವನ್ನು ಕೈಯಲ್ಲೇ ನಾದಿ ಎಳೆಯುತ್ತಾರೆ. ಅದಕ್ಕೆ ಕೈ ಪಳಗಿರಬೇಕು, ನೀವು ಸದ್ಯಕ್ಕೆ ಬಟ್ಟೆಯಲ್ಲೇ ಮಾಡಿ.

ಕೂದಲು ಅಕ್ಕಿಕಾಳಿನಷ್ಟಾದರೂ ಉದ್ದ ಇರಬೇಕು, ಇಲ್ಲದಿದ್ದರೆ ಹಿಡಿತಕ್ಕೆ ಸಿಗುವುದಿಲ್ಲ. ತೊಳೆದು ಒರೆಸಿ ಸ್ವಲ್ಪ ಟಾಲ್ಕಂ ಪೌಡರ್ ಸವರಿ. ಕೂದಲು ಬೆಳೆದ ದಿಕ್ಕಿಗೆ ತೆಳ್ಳಗೆ ಹಚ್ಚಿ, ಬಟ್ಟೆ ಒತ್ತಿ, ಎದುರು ದಿಕ್ಕಿಗೆ ಒಂದೇ ಸಲಕ್ಕೆ ಎಳೆಯಿರಿ. ಬಟ್ಟೆಯನ್ನು ಮೇಲಕ್ಕೆ ಎತ್ತಬೇಡಿ, ಚರ್ಮಕ್ಕೆ ತಾಗಿದಂತೆಯೇ ಹಿಂದಕ್ಕೆಳೆಯಿರಿ. ಇನ್ನೊಂದು ಕೈಯಲ್ಲಿ ಚರ್ಮ ಬಿಗಿಯಾಗಿ ಹಿಡಿದಿರಿ. ಒಂದೇ ಜಾಗಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹಚ್ಚಬೇಡಿ, ಉಳಿದ ಒಂದೆರಡು ಕೂದಲಿಗೆ ಚಿಮಟ ಸಾಕು. ಆ ದಿನ ಬಿಸಿನೀರ ಸ್ನಾನ, ಬಿಸಿಲು, ಸೆಂಟು ಬೇಡ. ಮೂರು ನಾಲ್ಕು ವಾರಕ್ಕೆ ಕೂದಲು ಮತ್ತೆ ಬರುತ್ತದೆ. ಬೇರಿನಿಂದಲೇ ಶಾಶ್ವತವಾಗಿ ಹೋಗುತ್ತೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ವಾ, ಅದು ಸುಳ್ಳು.

ಎಲ್ಲರಿಗೂ ಇದು ಆಗುವುದಿಲ್ಲ. ಗಾಯ, ಬಿಸಿಲಿಗೆ ಸುಟ್ಟ ಚರ್ಮ, ಉಬ್ಬಿದ ನರ, ಮಚ್ಚೆ ಇರುವ ಕಡೆ ಹಚ್ಚಬೇಡಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಮಾಡಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳುತ್ತಿದ್ದರೆ, ನಿಲ್ಲಿಸಿ ಆರು ತಿಂಗಳಾಗುವವರೆಗೆ ಯಾವ ವ್ಯಾಕ್ಸೂ ಬೇಡ.

ಇನ್ನು ಮೇಲ್ತುಟಿ. ನಾನಂತೂ ಬೇಡ ಅನ್ನುತ್ತೇನೆ. ಅಲ್ಲಿನ ಚರ್ಮ ತೆಳು, ಮೊಡವೆಗೆ ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಕ್ರೀಮ್ ಹಚ್ಚುವವರಿಗೆ ಸಿಪ್ಪೆಯಂತೆ ಕಿತ್ತು ಬರಬಹುದು. ಥ್ರೆಡಿಂಗ್‌ಗೆ ಆಗುವ ಖರ್ಚು ಕಡಿಮೆಯೇ, ಅದನ್ನೇ ಮಾಡಿಸಿ. ಗದ್ದದ ಮೇಲೆ ಒರಟು ಕೂದಲು ಹೊಸದಾಗಿ ಬರುತ್ತಿದ್ದು, ಮುಟ್ಟೂ ಏರುಪೇರಾಗಿದ್ದರೆ ಪಿಸಿಓಎಸ್, ಅಂದರೆ ಹಾರ್ಮೋನ್ ಹದ ತಪ್ಪುವ ತೊಂದರೆ ಇರಬಹುದು. ಅದಕ್ಕೆ ಪಾರ್ಲರ್ ಅಲ್ಲ, ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.