ಮೊದಲು ಕೆಲಸ ಮಾಡಿದ ಕ್ಯಾನ್ಸರ್‌ನ ಕಿಮೋ ಔಷಧ ಆಮೇಲೆ ಯಾಕೆ ಕೆಲಸ ಮಾಡುವುದಿಲ್ಲ?

ಬೆಳಗಾವಿಯಿಂದ ಕೇಳಿದ್ದೀರಿ, ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಕೆನಡಾದ ವಿಜ್ಞಾನಿ ವಿಕ್ಟರ್ ಲಿಂಗ್ ಮುಖ್ಯರು. ಅವರು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳಿಗೆ ಕಾಲ್ಚಿಸಿನ್ ಎಂಬ ವಿಷ ಹಾಕಿ ನೋಡಿದರು. (ನಮ್ಮ ಖಾನಾಪುರದ ಕಾಡಿನ ಅಗ್ನಿಶಿಖೆ ಗಿಡದ ವಿಷವೂ ಇದೇ!) ಕೆಲವು ಕೋಶಗಳು ಸಾಯಲಿಲ್ಲ. ಸಂಬಂಧವೇ ಇಲ್ಲದ ಬೇರೆ ಔಷಧಗಳಿಗೂ ಬಗ್ಗಲಿಲ್ಲ.

1976ರಲ್ಲಿ ಲಿಂಗ್ ಮತ್ತು ರುಡಾಲ್ಫ್ ಜೂಲಿಯಾನೊ ಆ ಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನ್ ಜಾಸ್ತಿ ಇರುವುದನ್ನು ಕಂಡರು. ಅದೇ ಪಿ-ಗ್ಲೈಕೋಪ್ರೋಟೀನ್. ಹೊಲದ ಬಾವಿಗೆ ಇಳಿಸಿದ ಪಂಪ್‌ಸೆಟ್ ನೋಡಿದ್ದೀರಲ್ವಾ? ಹಾಗೆಯೇ ಇದು ಒಳಬಂದ ಔಷಧವನ್ನು ಹೊರಗೆ ಎತ್ತಿ ಹಾಕುತ್ತದೆ. ಕರೆಂಟಿನ ಬದಲು ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಅಣು.

ಹಾಗಾದರೆ ಪಂಪ್ ನಿಲ್ಲಿಸಬಹುದಲ್ಲ? ಪ್ರಯತ್ನ ಬಹಳ ನಡೆದಿದೆ. ಆದರೆ ಕರುಳು, ಮೂತ್ರಪಿಂಡ, ಮಿದುಳಿನ ರಕ್ತನಾಳಗಳಲ್ಲೂ ಇದೇ ಪಂಪ್ ವಿಷವನ್ನು ಹೊರದಬ್ಬುತ್ತಿರುತ್ತದೆ. ಸುಮ್ನೆ ಆಫ್ ಮಾಡಲು ಆಗುವುದಿಲ್ಲ.