ಪಾಯಿಂಟ್ ಟೂ ಟೂ ರಿವಾಲ್ವರ್ ಗುರಿ ಹಿಡೀತಿಲ್ಲ: ಬ್ಯಾರಲ್ ಹೋಯ್ತಾ?

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು ಪಾಂಡವಪುರದ ಹತ್ರ ಒಂದು ಹಳ್ಳಿ, ಕಬ್ಬು ತೆಂಗು ಇದೆ, ಮನೆ ಗದ್ದೆ ಮಧ್ಯೆ. ನಮ್ಮ ಮಾವನೋರ ಹತ್ರ ಇದ್ದ ಹಳೇ ಫಾರಿನ್ ಪಾಯಿಂಟ್ ಟೂ ಟೂ ರಿವಾಲ್ವರ್‌ನ ಹೋದ ವರ್ಷ ಕಾನೂನು ಪ್ರಕಾರ ಡೀಲರ್ ಮೂಲಕ ನನ್ನ ಲೈಸೆನ್ಸ್‌ಗೆ ಹಾಕಿಸ್ಕೊಂಡೆ. ರೇಂಜ್‌ನಲ್ಲಿ 10 ಮೀಟರ್‌ಗೆ ಹೊಡುದ್ರೆ ಆರು ಗುಂಡು ಒಂದಡಿ ಅಗಲಕ್ಕೆ ಚೆಲ್ಲಾಡ್ತವೆ. ಕೆಲವು ತೂತು ದುಂಡಗಿಲ್ಲ, ಉದ್ದುದ್ದ ಹರುದಂಗೆ ಬೀಳ್ತವೆ. ಪಕ್ಕದಲ್ಲಿ ನಿಂತಿದ್ದೋರಿಗೆ ಏನೋ ಚೂರು ಸಿಡೀತು ಅಂತ ಬೈಸ್ಕೊಂಡೂ ಆಯ್ತು. ಒಂದೊಂದ್ಸಲ ಟಿಕ್ ಅನ್ನುತ್ತೆ, ಹಾರಲ್ಲ. ಬ್ಯಾರಲ್ ಸವದೋಗದೆ ಮಾರ್ಬುಡಿ ಅಂತಾರೆ ಎಲ್ಲ. ಮಾರ್ಬುಡ್ಲಾ?
(ಓದುಗರು, ಪಾಂಡವಪುರ ತಾಲ್ಲೂಕು)

ಉತ್ತರ: ಮಾರೋ ಮಾತು ಆಮೇಲೆ. ಚೂರು ಸಿಡೀತಿದೆ ಅಂದ್ರಲ್ಲ, ಅದರ ಕಾರಣ ಸಿಗೋವರೆಗೂ ಆ ಗನ್ನಿಂದ ಒಂದು ರೌಂಡೂ ಹೊಡೀಬೇಡಿ. ಸೀಸದ ಚೂರು ಕಣ್ಣಿಗೆ ಬಿದ್ರೆ ಗುರಿ ಗಿರಿ ಎಲ್ಲ ಮರ್ತೋಗುತ್ತೆ.

ಬ್ಯಾರಲ್ ಸವೆದಿದೆ ಅಂತ ನಮ್ಮಲ್ಲಿ ಬಾಯಿಗೆ ಬಂದಂಗೆ ಹೇಳ್ಬಿಡ್ತಾರೆ. ಪಾಯಿಂಟ್ ಟೂ ಟೂ ಗುಂಡು ಮೆತ್ತನೆ ಸೀಸದ್ದು, ಮೇಲೆ ಮೇಣ ಇಲ್ಲಾ ತೆಳ್ಳಗೆ ತಾಮ್ರದ ಲೇಪ ಇರುತ್ತೆ ಅಷ್ಟೆ, ಮದ್ದೂ ಕಮ್ಮಿ, ಅದು ಉಕ್ಕಿನ ಬ್ಯಾರಲ್‌ನ ಸವೆಸ್ಬೇಕು ಅಂದ್ರೆ ಸಾವಿರಾರು ರೌಂಡ್ ಬೇಕು, ನಮ್ಮ ಲೈಸೆನ್ಸ್ ಕೋಟಾದಲ್ಲಿ ನಿಮ್ಮ ಮಾವನೋರು ಅಷ್ಟು ಹೊಡೆದಿರೋಕೆ ಚಾನ್ಸೇ ಇಲ್ಲ. ತುಕ್ಕು ಹಿಡಿದು ಹಾಳಾಗಿದ್ರೆ ಅದು ಬೇರೆ ಕಥೆ, ಬೆಳಕಿಗೆ ಹಿಡಿದು ನೋಡಿದ್ರೆ ಗೊತ್ತಾಗುತ್ತೆ.

ನನಗೆ ಡೌಟ್ ಬಂದಿರೋದು ನೀವು ಹೇಳಿದ ಲಕ್ಷಣಗಳು ಒಟ್ಟಿಗೆ ಬಂದಿರೋದ್ರಿಂದ. ಉದ್ದ ತೂತು ಅಂದ್ರೆ ಗುಂಡು ಬುಗುರಿ ಥರ ನೆಟ್ಟಗೆ ತಿರುಗದೆ ಅಡ್ಡಡ್ಡ ಹೋಗಿ ಬಡೀತಿದೆ ಅಂತ ಅರ್ಥ. ಜೊತೆಗೆ ಸಿಡಿಯೋದು. ಮೊದಲು ಖಾಲಿ ಕೇಸ್‌ಗಳನ್ನ, ಅಂದ್ರೆ ಹೊಡೆದಾದ್ಮೇಲೆ ಉಳಿಯೋ ಕಾರ್ಟ್ರಿಜ್‌ನ ಲೋಹದ ಕೊಳವೆಗಳನ್ನ ನೋಡಿ. ಹೊಟ್ಟೆ ಉಬ್ಬಿದ್ಯಾ, ಉದ್ದಕ್ಕೆ ಸೀಳಿದ್ಯಾ, ಹೊರಗೆಲ್ಲ ಮಸಿ ಹಿಡಿದಿದ್ಯಾ? ಹಾಗಿದ್ರೆ ನಿಮ್ಮ ಗನ್ನಲ್ಲಿರೋದು ಮ್ಯಾಗ್ನಮ್ ಅನ್ನೋ ದೊಡ್ಡ ಕಾರ್ಟ್ರಿಜ್‌ನ ಸಿಲಿಂಡರ್ (ಆರು ಗುಂಡು ಕೂರೋ, ತಿರುಗೋ ಉರುಳೆ), ನೀವು ಹಾಕ್ತಿರೋದು ಲಾಂಗ್ ರೈಫಲ್ ಅನ್ನೋ ಚಿಕ್ಕ ಕಾರ್ಟ್ರಿಜ್ ಅಂತ ಹೆಚ್ಚುಕಮ್ಮಿ ಖಾತ್ರಿ. ಎರಡಕ್ಕೂ ಜನ ಟೂ ಟೂ ಅಂತಲೇ ಅಂತಾರೆ, ಆದ್ರೆ ಲಾಂಗ್ ರೈಫಲ್ ಕೇಸ್ ದಪ್ಪ ಸುಮಾರು 5.7 ಮಿಲಿಮೀಟರ್, ಮ್ಯಾಗ್ನಮ್‌ದು 6.1, ಉದ್ದದಲ್ಲೂ ಮ್ಯಾಗ್ನಮ್ ಕೇಸ್ ಲಾಂಗ್ ರೈಫಲ್‌ಗಿಂತ ಒಂದು ಸೆಂಟಿಮೀಟರ್‌ಗೂ ಮೀರಿ ಜಾಸ್ತಿ. ಹಾಗಾಗಿ ಚಿಕ್ಕದು ದೊಡ್ಡದರೊಳಗೆ ಆರಾಮಾಗಿ ಕೂರುತ್ತೆ, ಹಾರೋದೂ ಹಾರುತ್ತೆ, ಆದ್ರೆ ಗ್ಯಾಸ್ ಕೇಸ್ ಸುತ್ತ ನುಗ್ಗಿ ಹಿಂದಕ್ಕೆ ಬರುತ್ತೆ, ಗುಂಡು ಬ್ಯಾರಲ್ ಸೇರೋ ಮುಂಚೆ ಖಾಲಿ ಜಾಗದಲ್ಲಿ ಸೊಟ್ಟಗೆ ಓಡುತ್ತೆ. ಎರಡೂ ಸಿಲಿಂಡರ್ ಸೇರಿಸಿ ಮಾರೋ ಹಳೇ ಮಾಡಲ್‌ಗಳಿವೆ, ಹಿಂದಿನೋರು ಬದಲಾಯಿಸಿ ಹಂಗೇ ಬಿಟ್ಟಿರ್ಬೋದು. ಪೆಟ್ಟಿಗೆ ಕಪಾಟು ಹುಡುಕಿಸಿ, ಇನ್ನೊಂದು ಸಿಲಿಂಡರ್ ಬಟ್ಟೆ ಸುತ್ತಿ ಎಲ್ಲೋ ಇದ್ರೂ ಇರುತ್ತೆ. ಬ್ಯಾರಲ್ ಮತ್ತೆ ಸಿಲಿಂಡರ್ ಮೇಲಿನ ಗುರುತನ್ನ ಡೀಲರ್‌ಗೂ ತೋರಿಸಿ, ಯಾಕಂದ್ರೆ ಲೈಸೆನ್ಸ್ ಪುಸ್ತಕದಲ್ಲಿ ಏನು ಬರೆದಿದ್ದಾರೆ ಅನ್ನೋದೂ ತಾಳೆ ಆಗ್ಬೇಕು.

ಕೇಸ್ ಚೆನ್ನಾಗೇ ಇದ್ರೆ ಮುಂದಿನ ಅನುಮಾನ ಕೊಳೆ. ಸಿಲಿಂಡರಿಂದ ಗುಂಡು ಬ್ಯಾರಲ್‌ಗೆ ನುಗ್ಗೋ ಬಾಯಿ ಇದ್ಯಲ್ಲ, ಫೋರ್ಸಿಂಗ್ ಕೋನ್ ಅಂತಾರೆ, ಅಲ್ಲಿ ಸೀಸ ಮೆತ್ಕೊಂಡು ಬೂದು ಪದರ ಕಟ್ಟುತ್ತೆ, ವರ್ಷಗಟ್ಲೆ ಕ್ಲೀನ್ ಮಾಡದೆ ಎಣ್ಣೆ ಸವರಿ ಇಟ್ಟಿರೋ ಗನ್ನಲ್ಲಂತೂ ಇದ್ದೇ ಇರುತ್ತೆ. ಸಾಲ್ವೆಂಟ್ ಹಾಕಿ ನೆನೆಸಿ ಕಂಚಿನ ಬ್ರಷ್ಷಲ್ಲಿ ಉಜ್ಜಿ, ಸ್ಟೀಲ್ ಬ್ರಷ್ ಬೇಡವೇ ಬೇಡ. ಚೇಂಬರ್‌ಗಳ, ಅಂದ್ರೆ ಸಿಲಿಂಡರ್‌ನಲ್ಲಿ ಗುಂಡು ಕೂರೋ ತೂತುಗಳ ಒಳಗೂ ಉಜ್ಜಿ. ಹಿಂದಿನೋರು ಚಿಕ್ಕ ಶಾರ್ಟ್ ಕಾರ್ಟ್ರಿಜ್ ಹೊಡೆದಿದ್ರೆ ಒಳಗೆ ಮಸಿಯ ಬಳೆ ಕಟ್ಟಿರುತ್ತೆ, ಲಾಂಗ್ ರೈಫಲ್ ಪೂರ್ತಿ ಒಳಗೆ ಕೂರಲ್ಲ. ಟಿಕ್ ಅಂದು ಹಾರದೇ ಇರೋದಕ್ಕೆ ಇದೂ ಒಂದು ಕಾರಣ: ಪಿನ್ ಹೊಡೆತದ ಅರ್ಧ ಬಲ ಕಾರ್ಟ್ರಿಜ್‌ನ ಮುಂದಕ್ಕೆ ತಳ್ಳೋದ್ರಲ್ಲೇ ಹೋಗುತ್ತೆ. ಇನ್ನೊಂದು ಕಾರಣ ಖಾಲಿ ಗನ್ನನ್ನ ಟಕಟಕ ಅನ್ನಿಸೋ ಚಟ. ಪಾಯಿಂಟ್ ಟೂ ಟೂ ರಿಮ್‌ಫೈರ್, ಅಂದ್ರೆ ಪಿನ್ ಕಾರ್ಟ್ರಿಜ್ ಬುಡದ ಅಂಚಿಗೆ ಹೊಡೆಯೋದು, ಒಳಗೆ ಕಾರ್ಟ್ರಿಜ್ ಇಲ್ದಿದ್ರೆ ಕೆಲವು ಗನ್ನಲ್ಲಿ ನೇರ ಚೇಂಬರ್ ಅಂಚಿಗೇ ಬಡಿದು ಅಲ್ಲಿ ತಗ್ಗು ಬೀಳುತ್ತೆ. ಮನೇಲಿ ಬಂದೋರಿಗೆಲ್ಲ ತೋರಿಸಿ ಟ್ರಿಗರ್ ಎಳೆಸೋದನ್ನ ನಿಲ್ಸಿ. ಹಾರದ ರೌಂಡ್ ಇದ್ರೆ ಟಾರ್ಗೆಟ್ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆಗೀರಿ.

ಆಮೇಲೆ ಟೈಮಿಂಗ್, ಅಂದ್ರೆ ಚೇಂಬರ್ ಸರಿಯಾದ ಹೊತ್ತಿಗೆ ಬ್ಯಾರಲ್‌ಗೆ ನೇರ ಬಂದು ನಿಲ್ಲುತ್ತಾ ಅನ್ನೋದು. ಗನ್ ಖಾಲಿ ಅಂತ ಎರಡು ಸಲ ನೋಡ್ಕೊಂಡು, ಸಿಲಿಂಡರ್ ಮೇಲೆ ಬೆರಳು ಮೆತ್ತಗೆ ಒತ್ತಿ ಹ್ಯಾಮರ್‌ನ ನಿಧಾನಕ್ಕೆ ಹಿಂದಕ್ಕೆ ಎಳೀರಿ. ಹ್ಯಾಮರ್ ಪೂರ್ತಿ ನಿಲ್ಲೋ ಹೊತ್ತಿಗೆ ಸಿಲಿಂಡರ್ ಲಾಕ್ ಆಗಿರ್ಬೇಕು, ಆರೂ ಚೇಂಬರಲ್ಲಿ ನೋಡಿ. ಬಿಡುವಾಗ ಹೆಬ್ಬೆರಳಲ್ಲಿ ಹಿಡಿದು ಮೆತ್ತಗೆ ಇಳಿಸಿ. ಯಾವುದಾದ್ರೂ ಲಾಕ್ ಆಗದೆ ನಿಂತ್ರೆ ಚೇಂಬರ್ ಬ್ಯಾರಲ್‌ಗೆ ನೇರ ಬರ್ತಿಲ್ಲ, ಗುಂಡಿನ ಒಂದು ಕಡೆ ಕೆತ್ತಿ ಪಕ್ಕಕ್ಕೆ ಸಿಡಿಯೋದು ಅದೇ. ಸಿಲಿಂಡರ್‌ಗೂ ಬ್ಯಾರಲ್‌ಗೂ ನಡುವೆ ಇರೋ ಸಂದು ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜಲ್ಲೇ ಅಳೀಬೋದು, 0.10 ರಿಂದ 0.20 ಮಿಲಿಮೀಟರ್ ಒಳಗಿದ್ರೆ ತೊಂದ್ರೆ ಇಲ್ಲ. ಅಳೆಯೋದು ನೀವು, ರಿಪೇರಿ ಲೈಸೆನ್ಸ್ ಇರೋ ಗನ್‌ಸ್ಮಿತ್.

ಇದೆಲ್ಲ ಸರಿ ಅಂತಾದ್ಮೇಲೆ ರೇಂಜಿಗೆ ಹೋಗಿ ಒಂದು ಪರೀಕ್ಷೆ ಮಾಡಿ, ಇದರ ಮುಂದೆ ಯಾರ ಅಭಿಪ್ರಾಯನೂ ಬೇಕಾಗಲ್ಲ. ಚೇಂಬರ್‌ಗಳ ಪಕ್ಕ ಮಾರ್ಕರ್‌ನಲ್ಲಿ 1 ರಿಂದ 6 ಬರೀರಿ. ಮರಳಿನ ಚೀಲದ ಮೇಲೆ ಕೈ ಇಟ್ಟು, ಹ್ಯಾಮರ್ ಎಳೆದು, ಒಂದೊಂದು ಚೇಂಬರ್‌ಗೆ ಒಂದೊಂದು ಕಾಗದ ಅಂತ ಐದೈದು ರೌಂಡ್ ಹೊಡೀರಿ. 30 ರೌಂಡ್ ಖರ್ಚು, ನೋವಾಗುತ್ತೆ ನಿಜ. ಒಂದೋ ಎರಡೋ ಚೇಂಬರ್ ಮಾತ್ರ ಹಾಳು ಬಂದ್ರೆ ತಪ್ಪು ಸಿಲಿಂಡರ್‌ದು. ಆರೂ ಒಂದೇ ಥರ ಚೆಲ್ಲಿದ್ರೆ ಬ್ಯಾರಲ್, ಇಲ್ಲಾ ಕಾರ್ಟ್ರಿಜ್, ಇಲ್ಲಾ ನೀವು. ಬೇಜಾರ್ ಮಾಡ್ಕೋಬೇಡಿ, ಚೆನ್ನಾಗಿ ಹೊಡೆಯೋ ಒಬ್ಬರ ಕೈಗೆ ರೇಂಜಲ್ಲೇ ಕೊಟ್ಟು ನೋಡಿದ್ರೆ ಆ ಡೌಟೂ ಕ್ಲಿಯರ್. ಎಲ್ಲ ಒಟ್ಟಿಗೆ ಬಿದ್ದು ಮಧ್ಯ ಬಿಟ್ಟು ಪಕ್ಕಕ್ಕೆ ಬಿದ್ರೆ ತಪ್ಪು ಗುರಿ ನೋಡೋ ಸೈಟ್‌ದು ಅಷ್ಟೆ.

ಕಾರ್ಟ್ರಿಜ್ ವಿಷಯ: ಪಾಯಿಂಟ್ ಟೂ ಟೂ ಗನ್‌ಗಳು ಊಟದ ವಿಷಯದಲ್ಲಿ ಮಹಾ ಹಠಮಾರಿಗಳು, ಒಂದು ಬ್ರ್ಯಾಂಡ್ ಒಪ್ಪಿದ್ದು ಇನ್ನೊಂದನ್ನ ಒಪ್ಪಲ್ಲ. ಸ್ಟ್ಯಾಂಡರ್ಡ್ ವೆಲಾಸಿಟಿ ಒಂದು ಡಬ್ಬ, ಹೈ ವೆಲಾಸಿಟಿ ಒಂದು ಡಬ್ಬ ತಗೊಂಡು ಬೇರೆ ಬೇರೆ ಹೊಡೆದು ನೋಡಿ, ಮಿಕ್ಸ್ ಮಾಡ್ಬೇಡಿ.

ಇನ್ನೊಂದು, ತೋಟದಲ್ಲಿ ತೆಂಗಿನ ಮರಕ್ಕೆ ಹೊಡೆದು ಟೆಸ್ಟ್ ಮಾಡೋ ಐಡಿಯಾ ಇದ್ರೆ ಬಿಡಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ಬೇರೆಯವರಿಗೆ ಅಪಾಯ ಆಗೋ ಥರ ಬೇಜವಾಬ್ದಾರಿಯಾಗಿ ಗುಂಡು ಹಾರಿಸಿದ್ರೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಪ್ರಶ್ನೆ: ನನ್ನ ರಿವಾಲ್ವರ್‌ನ ಬ್ಯಾರಲ್ ತುದೀಲಿ ಸಣ್ಣ ಪೆಟ್ಟು ಬಿದ್ದು ಅಂಚು ಒಳಕ್ಕೆ ಮಡಚಿದೆ. ಗುರಿ ಎಡಕ್ಕೆ ಹೋಗುತ್ತೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪರಿಚಯದ ಲೇತ್ ಇದೆ, ಒಂದೆರಡು ಮಿಲಿಮೀಟರ್ ಕಟ್ ಮಾಡಿಸಿದ್ರೆ ಸರಿ ಹೋಗುತ್ತಾ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಕಾರಣ ಸರಿಯಾಗೇ ಹಿಡಿದಿದ್ದೀರಿ. ಗುಂಡು ಕೊನೇದಾಗಿ ಮುಟ್ಟೋದೇ ಆ ಅಂಚನ್ನ, ಅಲ್ಲಿ ಒಂದು ಕಡೆ ಗ್ಯಾಸ್ ಮೊದಲು ಹೊರಗೆ ಬಂದ್ರೆ ಗುಂಡಿನ ಬುಡ ಅಲ್ಲಾಡುತ್ತೆ. ಆದ್ರೆ ಲೇತಿಗೆ ಹೋಗ್ಬೇಡಿ ಮಾರಾಯ್ರೆ. ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ದೆ ಬ್ಯಾರಲ್ ಗಿಡ್ಡ ಮಾಡೋದೇ ಅಪರಾಧ, ನಿಮ್ಮ ಸ್ನೇಹಿತರನ್ನೂ ಸಿಕ್ಕಿಸ್ತೀರಿ. ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರ ಡೀಲರ್ ಮೂಲಕ ಕಳಿಸಿ, ರಶೀದಿ ಇಟ್ಕೊಳ್ಳಿ. ಬಹಳ ಸಲ ಕಟ್ ಮಾಡೋದೇ ಬೇಕಾಗಲ್ಲ, ಅಂಚನ್ನ ಸುತ್ತ ಸಮ ಮಾಡಿದ್ರೆ ಸಾಕಾಗುತ್ತೆ.